ಐತಪ್ಪ ಸಾಲಿಯಾನರ ಸಹಿ

ಫೋರ್ಟಿನ ಆಫೀಸಿನಲ್ಲಿ ನನ್ನ ಊಟದ ಬಿಡುವು
ನಲವತ್ತು ನಿಮಿಷ.
ಚಪಾತಿಯ ಸುರುಳಿ ನಡೆಯುತ್ತಲೇ ಮುಗಿಸಿದರೆ
ಮೂರನೇ ಮಹಡಿಯ ಆ ಸಂಗೀತದ ಲೈಬ್ರರಿಗೆ
ಇಪ್ಪತ್ತೆರಡು ಉಳಿಯುತ್ತದೆ.
ಒಂದು ಸಿಂಫನಿಗೆ ಎರಡು ದಿನ,
ಉದ್ದದ್ದಾದರೆ ಗುರುವಾರದವರೆಗೂ.

ಮೊದಮೊದಲು ಎಲ್ಲರೂ ಕೇಳುವುದನ್ನೇ ಕೇಳಿದೆ:
ಯಾರೋ ಆಗಲೇ ಉಟ್ಟು ಒಗೆದು
ಮೆತ್ತಗಾಗಿಸಿದ ಸೀರೆಗಳು.
ಕೆಳಗಿನ ಸಾಲಿಗೆ ಬಗ್ಗಿದ್ದು
ಬಿದ್ದುಹೋದ ಕಿವಿಯೋಲೆಗಾಗಿ.
ಓಲೆ ಸಿಗಲಿಲ್ಲ. ಸಿಕ್ಕಿದ್ದು ಬೂದು ಬಣ್ಣದ ಹೊದಿಕೆ,
ನೆತ್ತಿಯ ಮೇಲೆ ಎರಡೆರಡು ಚುಕ್ಕಿ ಹೊತ್ತ
ಅಕ್ಷರಗಳ ಹೆಸರು;
ಓದಲು ಹೋಗಿ ನಾಲಿಗೆ ಕಚ್ಚಿಕೊಂಡೆ.
ನಾಲ್ಕನೆಯ ಸಿಂಫನಿ, ಐವತ್ತೊಂದನೇ ಇಸವಿಯದು.
ಮೊದಲ ಮೂರು ಎಲ್ಲಿ ಹೋದವೋ.

ಮುಳ್ಳು ಇಳಿಯಿತು.
ಬಹಳ ಹೊತ್ತು ಏನೂ ಆಗಲಿಲ್ಲ.
ಆಮೇಲೆ ಆಳದಲ್ಲೆಲ್ಲೋ ದೊಡ್ಡ ಪಿಟೀಲುಗಳು,
ಮಲಗಿದವರು ಏಳದ ಹಾಗೆ
ಕಪಾಟು ಸರಿಸಿದಂತೆ.
ಇನ್ನೇನು ಸಮ ಬಿತ್ತು ಎಂದು
ತೊಡೆ ತಟ್ಟಲು ಕೈ ಎತ್ತಿದೆ.
ಬೀಳಲಿಲ್ಲ.
ಮಾಟುಂಗಾದಲ್ಲಿ ಎಂಟು ವರ್ಷ ಕಲಿತ ತಾಳವೆಲ್ಲ
ದಾದರಿನಲ್ಲಿ ಇಳಿಯುವ ಜನದ ಹಾಗೆ
ದಬದಬ ಇಳಿದುಹೋಯಿತು.
ಆ ಖಾಲಿಯಲ್ಲಿ ಒಂದೇ ಒಂದು ಕೊಳಲು
ಕೂರಲು ಜಾಗ ಸಿಕ್ಕವಳಂತೆ
ಕಾಲು ಚಾಚಿತು.

ಕಾರ್ಡಿಗೆ ಸಹಿ ಹಾಕಲು ಹೋದರೆ
ನನಗಿಂತ ಮೇಲೆ ಒಂದೇ ಹೆಸರು, ಅದೂ ಕನ್ನಡದಲ್ಲಿ:
ಐತಪ್ಪ ಸಾಲಿಯಾನ್.
ರಾತ್ರಿಶಾಲೆಯ ದುಂಡು ಅಕ್ಷರ,
ಐಗೆ ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚು.
ಪಕ್ಕದ ತಟ್ಟೆ ಎಳೆದೆ, ಪೋಲೆಂಡಿನ ಹೆಂಗಸೊಬ್ಬಳದು:
ಸಾಲಿಯಾನ್.
ಬ್ರೆಜಿಲಿನದು: ಸಾಲಿಯಾನ್.
ಅದರಾಚೆಯ ಹೆಸರೂ ಅಳಿಸಿದ್ದು:
ಸಾಲಿಯಾನ್, ಸಾಲಿಯಾನ್, ಸಾಲಿಯಾನ್,
ನಾಲ್ಕು ವರ್ಷಕ್ಕೊಮ್ಮೆ, ತಪ್ಪದೆ.

ಎಂಥ ಕಿವಿಯಪ್ಪ ಈ ಮನುಷ್ಯನದು!
ಪ್ರೊಫೆಸರನೋ, ಹಡಗಿನ ಬ್ಯಾಂಡಿನವನೋ.
ಮೂರು ತಿಂಗಳು ಅವನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟೆ.
ಒಮ್ಮೊಮ್ಮೆ ಜಗಳವನ್ನೂ ಆಡಿದೆ:
ಇದರಲ್ಲೇನು ಕಂಡಿರಿ ಮಾರಾಯರೇ,
ಗ್ಯಾಸ್ ಸಿಲಿಂಡರು ಮೆಟ್ಟಿಲಿಳಿದಂತಿದೆ!

ಫ್ರೇನಿ ಬಾಯಿ ಕನ್ನಡಕ ತೆಗೆದು ನಕ್ಕಳು.
ಸಾಲಿಯಾನ್? ನಮ್ಮ ಪ್ಯೂನ್. ಧೂಳು ಹೊಡೆಯುತ್ತಿದ್ದ.
ಐದು ವರ್ಷ ಯಾರೂ ಒಯ್ಯದ ತಟ್ಟೆ
ರದ್ದಿಗೆ ಹೋಗಬೇಕು, ಕಮಿಟಿಯ ನಿಯಮ.
ಅವನು ಒಯ್ಯುತ್ತಿದ್ದ. ಶನಿವಾರ ಲೋಕಲಿನಲ್ಲಿ
ತಲೆಯ ಮೇಲೆ ಎತ್ತಿ ಹಿಡಿದು,
ಸೋಮವಾರ ಹಾಗೆಯೇ ವಾಪಸ್ಸು.
ಕೇಳುತ್ತಿದ್ದನೆ?
ಎಲ್ಲಿಂದ. ಅವನ ಖೋಲಿಯಲ್ಲಿ ಪ್ಲೇಯರೇ ಇರಲಿಲ್ಲ.
ಈಗ ನಿವೃತ್ತನಾಗಿ ನಾಲ್ಕೂವರೆ ವರ್ಷ.

ನಂಬರು ಕೊಟ್ಟಳು. ನಾಲಾಸೋಪಾರಾ,
ಅಳಿಯನ ಅಂಗಡಿಯ ಫೋನು.
ಹೆಸರು ಹೇಳಿದೆ, ತಟ್ಟೆಯ ಬಣ್ಣ ಹೇಳಿದೆ.
ಆ ಕಡೆ ಒಂದು ಕೆಮ್ಮು. ಆಮೇಲೆ,
‘ಓ, ಬೂದಿ ಬಣ್ಣದ್ದು. ಕೇಳಿದ್ರಾ?
ಏನುಂಟು ಅದರಲ್ಲಿ?’

ಏನುಂಟು.
ಕಪಾಟು, ದಾದರು, ಸಿಲಿಂಡರು
ಎಲ್ಲ ಬಾಯಿತನಕ ಬಂದು ನಿಂತವು.
ಹೆಡ್‌ಫೋನು ಕಳಚಿ ರಿಸೀವರಿಗೆ ಒತ್ತಿ ಹಿಡಿದೆ.
ಫ್ರೇನಿ ಬಾಯಿ ಕಿಟಕಿಯ ಕಡೆ ತಿರುಗಿದಳು.
ಎಷ್ಟೋ ಹೊತ್ತು. ಮೊಣಕೈ ಜೋಮು ಹಿಡಿಯಿತು.

‘ಅಲ್ಲಿ ಮಳೆಯಾ?’ ಎಂದರು.
ಡಿಸೆಂಬರಿನ ಬಿಸಿಲು ಮೇಜಿನ ಮೇಲಿತ್ತು.
ಅಲ್ಲ, ಅದು ಹಳೆಯ ತಟ್ಟೆಯ ಗೀರು, ಎನ್ನುವಷ್ಟರಲ್ಲಿ
‘ಇರಲಿ, ಇರಲಿ,
ಇಡಬೇಡಿ.’

ಆ ಮಧ್ಯಾಹ್ನ ಆಫೀಸಿನಲ್ಲಿ
ಅರ್ಧ ದಿನದ ರಜೆ ಕತ್ತರಿಸಿದರು.
ಕೆಳಗಿನ ಸಾಲಿನಲ್ಲಿ ಇನ್ನೂ ಮೂವತ್ತೊಂದು ತಟ್ಟೆ.
ಕಮಿಟಿ ಸೇರುವುದು ಜೂನಿಗೆ.
ಈಗೀಗ ನಾನೂ ಕನ್ನಡದಲ್ಲೇ ಸಹಿ ಹಾಕುತ್ತೇನೆ,
ಅವಸರದಲ್ಲಿ, ಎಣ್ಣೆ ಕೈಯಲ್ಲಿ.